ಮೊಬೈಲ್‌ನ ಫಿಸಿಕ್ಸ್ ಪಜಲ್ ಆಟಗಳಲ್ಲಿ ನಿಮಗೆ ಅಚ್ಚುಮೆಚ್ಚು ಯಾವುದು? ಯಾಕೆ?

ಲೋಲಕ

ಎಲ್ಲರಿಗೂ ನಮಸ್ಕಾರ. ಬೀಳುವುದು, ಜಾರುವುದು, ಪುಟಿಯುವುದು, ತೂಗಾಡುವುದು. ಇವುಗಳನ್ನೇ ಬಂಡವಾಳ ಮಾಡಿಕೊಂಡ ಮೊಬೈಲ್ ಆಟಗಳ ಬಗ್ಗೆ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡಿದ್ದೇನೆ. ಬರೀ ಹೆಸರು ಬರೆದು ಹೋಗಬೇಡಿ. ಆ ಆಟ ನಿಮ್ಮನ್ನು ಯಾಕೆ ಹಿಡಿದು ಕೂರಿಸಿತು ಅಂತಲೂ ಹೇಳಿ.

ನನ್ನ ಅಳತೆ ಒಂದೇ. ಸೋತಾಗ ಯಾಕೆ ಸೋತೆ ಅಂತ ನನಗೆ ಗೊತ್ತಾಗಬೇಕು. ಗೊತ್ತಾದರೆ ಮತ್ತೆ ಆಡಲು ಕೈ ತಾನಾಗಿ ಹೋಗುತ್ತದೆ. ಗೊತ್ತಾಗದಿದ್ದರೆ ಫೋನ್ ಕೆಳಗಿಡುತ್ತೇನೆ.

ಈ ಅಳತೆಯಲ್ಲಿ ನನ್ನ ಮೊದಲ ಆಯ್ಕೆ ಕಟ್ ದ ರೋಪ್. ಝೆಪ್ಟೋಲ್ಯಾಬ್‌ನವರು 2010ರ ಅಕ್ಟೋಬರ್‌ನಲ್ಲಿ ಬಿಟ್ಟ ಆಟ. ಹಗ್ಗಕ್ಕೆ ಕಟ್ಟಿದ ಒಂದು ಮಿಠಾಯಿ, ಬಾಯಿ ತೆರೆದು ಕಾಯುವ ಓಮ್ ನೊಮ್ ಎಂಬ ಹಸಿರು ಪ್ರಾಣಿ, ದಾರಿಯಲ್ಲಿ ಮೂರು ನಕ್ಷತ್ರ. ಬೆರಳಿನಿಂದ ಹಗ್ಗ ಕತ್ತರಿಸಿದರೆ ಮಿಠಾಯಿ ಬೀಳುತ್ತದೆ. ಯಾವಾಗ ಕತ್ತರಿಸುತ್ತೀರಿ ಅನ್ನುವುದೇ ಆಟ.

ತೂಗಾಡುವ ಮಿಠಾಯಿಯನ್ನು ಸುಮ್ನೆ ಸ್ವಲ್ಪ ಹೊತ್ತು ನೋಡಿ. ಒಂದು ಬದಿಯ ತುದಿಗೆ ಹೋಗಿ ವಾಪಸ್ ತಿರುಗುವ ಗಳಿಗೆಯಲ್ಲಿ ಅದರ ವೇಗ ಸೊನ್ನೆ. ಆಗ ಕತ್ತರಿಸಿದರೆ ನೆಟ್ಟಗೆ ಕೆಳಗೆ ಬೀಳುತ್ತದೆ. ಎಲ್ಲಕ್ಕಿಂತ ಕೆಳಗಿನ ಜಾಗದಲ್ಲಿ ವೇಗ ಜಾಸ್ತಿ. ಅಲ್ಲಿ ಕತ್ತರಿಸಿದರೆ ಅಡ್ಡಕ್ಕೆ ಹಾರಿ, ಬಾಗುತ್ತಾ ಬೀಳುತ್ತದೆ. ಕೆಳಗಿನಿಂದ ಮೇಲೇರುತ್ತಿರುವಾಗ, ತುದಿ ಮುಟ್ಟುವ ಮೊದಲೇ ಕತ್ತರಿಸಿದರೆ ಮೇಲಕ್ಕೆ ಚಿಮ್ಮಿ ಇನ್ನೂ ದೂರ ಹೋಗುತ್ತದೆ. ಒಂದೇ ಹಗ್ಗ, ಒಂದೇ ಮಿಠಾಯಿ, ಮೂರು ಬೇರೆ ದಾರಿ. ಹಗ್ಗ ಉದ್ದವಿದ್ದರೆ ತೂಗುವುದು ನಿಧಾನ, ಗಿಡ್ಡವಿದ್ದರೆ ಬೇಗ ಬೇಗ. ಕಟ್ಟಿದ ವಸ್ತು ಭಾರವಿದೆಯೋ ಹಗುರವಿದೆಯೋ ಅನ್ನುವುದರಿಂದ ಈ ಲಯ ಬದಲಾಗುವುದಿಲ್ಲ. ಲೋಲಕದ ಪಾಠದಲ್ಲಿ ಸೂತ್ರವಾಗಿ ಓದಿದ್ದು ಇಲ್ಲಿ ಬೆರಳಿಗೇ ಅರ್ಥವಾಗುತ್ತದೆ.

ಎರಡು ಮೂರು ಹಗ್ಗ ಬಂದಾಗ ಯಾವುದನ್ನು ಮೊದಲು ಕತ್ತರಿಸಬೇಕು ಅನ್ನುವುದು ಸೇರಿಕೊಳ್ಳುತ್ತದೆ. ಆಮೇಲೆ ಗುಳ್ಳೆ ಬರುತ್ತದೆ. ಮಿಠಾಯಿ ಗುಳ್ಳೆಯೊಳಗೆ ಸೇರಿದರೆ ಮೇಲಕ್ಕೆ ತೇಲುತ್ತದೆ. ಗುಳ್ಳೆ ಒಡೆದರೆ ಮತ್ತೆ ಬೀಳುತ್ತದೆ. ಪ್ರತಿ ಹೊಸ ವಸ್ತುವನ್ನೂ ಒಂದು ಸುಲಭದ ಲೆವೆಲ್‌ನಲ್ಲಿ ಪರಿಚಯಿಸಿ, ನಂತರವೇ ಹಳೆಯದರ ಜೊತೆ ಬೆರೆಸುತ್ತಾರೆ. ಎಲ್ಲಿಯೂ ಉದ್ದುದ್ದ ಸೂಚನೆ ಇಲ್ಲ. ಓದಲು ಬಾರದ ಮಗುವೂ ಆಡಬಹುದು.

ಈಗ ನೀವು ಹೇಳಿ.

ಬುಗುರಿ

ಆಂಗ್ರಿ ಬರ್ಡ್ಸ್ ಬಿಟ್ಟು ಈ ಮಾತು ಹೇಗೆ ಶುರುವಾಗುತ್ತದೆ? 2009ರ ಡಿಸೆಂಬರ್‌ನಲ್ಲಿ ಫಿನ್‌ಲ್ಯಾಂಡ್‌ನ ರೋವಿಯೋ ಬಿಟ್ಟಿದ್ದು. ಕವಣೆ ಎಳೆ, ಬಿಡು, ಹಂದಿಗಳ ಕೋಟೆ ಬೀಳಿಸು. ಟಚ್ ಸ್ಕ್ರೀನಿಗೆ ಇಷ್ಟು ಚೆನ್ನಾಗಿ ಒಪ್ಪುವ ಕೆಲಸ ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ. ಎಳೆದಷ್ಟು ಬಲ, ಎಳೆದ ಕಡೆಗೆ ಎದುರು ದಿಕ್ಕು. ಯಾರೂ ಹೇಳಿಕೊಡಬೇಕಾಗಿಲ್ಲ.

ಇಳಿಜಾರು

ಬುಗುರಿ ಅವರೇ, ಆಟ ನನಗೂ ಇಷ್ಟ. ಆದರೆ ಅದನ್ನು ಪಜಲ್ ಅಂತ ಒಪ್ಪಿಕೊಳ್ಳುವುದು ಕಷ್ಟ. ಲೋಲಕ ಅವರ ಅಳತೆಯನ್ನೇ ಹಿಡಿಯಿರಿ. ಒಂದು ಸಲ ಹಕ್ಕಿ ಮರದ ತೊಲೆಗೆ ತಗುಲಿ ಇಡೀ ಗೋಪುರ ಉರುಳುತ್ತದೆ. ಇನ್ನೊಂದು ಸಲ ಅದೇ ಜಾಗಕ್ಕೆ ಗುರಿ ಇಟ್ಟರೂ ಒಂದು ಕಲ್ಲೂ ಅಲ್ಲಾಡುವುದಿಲ್ಲ. ಗೆದ್ದಾಗಲೂ ಯಾಕೆ ಗೆದ್ದೆ ಅಂತ ಹೇಳಲು ಬರುವುದಿಲ್ಲ. ಕೊನೆಯ ಹಂದಿಯ ಮೇಲೆ ಯಾವುದೋ ತುಂಡು ಉರುಳಿ ಬಂದು ಬೀಳಲಿ ಅಂತ ಕಾಯುವುದು ಅದೃಷ್ಟವಲ್ಲದೆ ಇನ್ನೇನು?

ಸನ್ನೆಗೋಲು

ಈ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಇದು ನನ್ನ ಮೆಚ್ಚಿನ ವಿಷಯ.

ಆಂಗ್ರಿ ಬರ್ಡ್ಸ್ ಒಳಗೆ ಓಡುವುದು ಬಾಕ್ಸ್2ಡಿ ಎಂಬ ಫಿಸಿಕ್ಸ್ ಎಂಜಿನ್, ಅಂದರೆ ವಸ್ತುಗಳ ಚಲನೆ, ಡಿಕ್ಕಿಗಳನ್ನು ಲೆಕ್ಕ ಹಾಕುವ ತಂತ್ರಾಂಶ. ಎರಿನ್ ಕ್ಯಾಟೋ ಬರೆದದ್ದು. 2006ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ತಾವು ಮಾಡಿದ ಭಾಷಣದ ಜೊತೆಗೆ ಒಂದು ಮಾದರಿಯಾಗಿ ಇದನ್ನು ತೋರಿಸಿದರು. 2007ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಎಷ್ಟೋ ಎರಡು ಆಯಾಮದ ಮೊಬೈಲ್ ಆಟಗಳ ಬೆನ್ನೆಲುಬು ಇದೇ. 2011ರ ಅದೇ ಸಮ್ಮೇಳನದಲ್ಲಿ ರೋವಿಯೋದ ಪ್ರತಿನಿಧಿ ಮಾತಾಡಿದಾಗ ಸಭಿಕರೊಬ್ಬರು ಎದ್ದು, ನೀವು ಯಾವ ಎಂಜಿನ್ ಬಳಸಿದ್ದೀರಿ ಅಂತ ಕೇಳಿದರು. ಬಾಕ್ಸ್2ಡಿ ಅಂತ ಉತ್ತರ ಬಂತು. ಹಾಗಾದರೆ ಅದನ್ನು ಬರೆದವರ ಹೆಸರನ್ನು ಆಟದಲ್ಲಿ ಹಾಕುತ್ತೀರಾ ಅಂತ ಮತ್ತೆ ಕೇಳಿದರು. ಕೇಳಿದವರು ಕ್ಯಾಟೋ ಅವರೇ. ಅವರ ಕೆಲಸವನ್ನು ಗೌರವದಿಂದ ನೆನೆಯಬೇಕು. ಇಂಥ ಎಂಜಿನ್ ಸಿಗದಿದ್ದರೆ ಒಬ್ಬರು, ಇಬ್ಬರು ಸೇರಿ ಮಾಡಿದ ಎಷ್ಟೋ ಒಳ್ಳೆಯ ಆಟಗಳು ಹುಟ್ಟುತ್ತಲೇ ಇರಲಿಲ್ಲ.

ಈಗ ಅದೃಷ್ಟದ ಮಾತಿಗೆ ಬರೋಣ. ಎಂಜಿನ್ ಸಮಯವನ್ನು ಸಣ್ಣ ಸಣ್ಣ ತುಂಡು ಮಾಡಿ ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ ಒಂದು ಸೆಕೆಂಡಿಗೆ 60 ತುಂಡು. ಪ್ರತಿ ತುಂಡಿನಲ್ಲೂ ಪ್ರತಿ ವಸ್ತುವಿನ ವೇಗ ಎಷ್ಟು, ಜಾಗ ಎಲ್ಲಿ, ಯಾವುದು ಯಾವುದಕ್ಕೆ ತಗುಲಿತು ಅಂತ ನೋಡುತ್ತದೆ. ತುಂಡಿನ ಅಳತೆ ಬದಲಾಗದೆ ಇದ್ದರೆ, ಒಂದೇ ಫೋನಿನಲ್ಲಿ ಒಂದೇ ರೀತಿ ಶುರು ಮಾಡಿದರೆ, ಫಲಿತಾಂಶವೂ ಪ್ರತಿ ಸಲ ಅದೇ ಬರುತ್ತದೆ. ಅಲ್ಲಿ ದಾಳ ಉರುಳಿಸುವವರು ಯಾರೂ ಇಲ್ಲ.

ಮತ್ತೆ ಬೇರೆ ಬೇರೆ ಯಾಕೆ ಆಗುತ್ತದೆ? ನಿಮ್ಮ ಬೆರಳು ಎರಡು ಸಲ ಒಂದೇ ಪಿಕ್ಸೆಲ್‌ನಲ್ಲಿ ಬಿಡುವುದಿಲ್ಲ. ಅತಿ ಸಣ್ಣ ಕೋನದ ವ್ಯತ್ಯಾಸ. ಹಕ್ಕಿ ಹಾರುವಷ್ಟು ಹೊತ್ತು ಆ ವ್ಯತ್ಯಾಸ ಸಣ್ಣದಾಗಿಯೇ ಇರುತ್ತದೆ. ಮೊದಲ ತೊಲೆಗೆ ತಗುಲಿದ ಕೂಡಲೇ ಅದು ಬೆಳೆಯುತ್ತದೆ. ತೊಲೆ ಕಲ್ಲಿಗೆ, ಕಲ್ಲು ಗಾಜಿಗೆ ಅಂತ ಡಿಕ್ಕಿಯಿಂದ ಡಿಕ್ಕಿಗೆ ದೊಡ್ಡದಾಗುತ್ತಾ ಹೋಗುತ್ತದೆ. ಅದಕ್ಕೇ ಹಕ್ಕಿಯ ಹಾರಾಟ ನಿಮ್ಮ ಕೈಯಲ್ಲಿದೆ, ಕುಸಿತದ ಕೊನೆಯ ಹಂತ ನಿಮ್ಮ ಕೈಯಲ್ಲಿಲ್ಲ ಅನ್ನಿಸುತ್ತದೆ.

ಹಾರಾಟ ಎಷ್ಟು ಅಚ್ಚುಕಟ್ಟು ಅಂದರೆ, ರೆಟ್ ಅಲೆನ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು 2010ರಲ್ಲಿ ವೈರ್ಡ್ ಪತ್ರಿಕೆಯ ಬ್ಲಾಗಿನಲ್ಲಿ ಆಟದ ವೀಡಿಯೋವನ್ನು ಅಳೆದು ತೋರಿಸಿದರು. ಅಡ್ಡ ದಿಕ್ಕಿನ ವೇಗ ಬದಲಾಗುವುದಿಲ್ಲ, ಕೆಳಗೆ ಮಾತ್ರ ಒಂದೇ ಸಮನೆ ವೇಗ ಕೂಡುತ್ತಾ ಹೋಗುತ್ತದೆ. ಅಂದರೆ ಗಾಳಿಯ ತಡೆ ಇಲ್ಲದ ಶುದ್ಧ ಪರವಲಯ. ಗುರುತ್ವವನ್ನು ನಮ್ಮ ಭೂಮಿಯದೇ, 9.8 ಅಂತ ಇಟ್ಟುಕೊಂಡರೆ ಆ ಕವಣೆಯ ಎತ್ತರ ಸುಮಾರು 4.9 ಮೀಟರ್ ಆಗಬೇಕು ಅಂತಲೂ ಲೆಕ್ಕ ಹಾಕಿದರು.

ಹಿಂದಿನ ಹಕ್ಕಿ ಹೋದ ದಾರಿಯನ್ನು ಆಟ ಚುಕ್ಕಿಗಳಲ್ಲಿ ಉಳಿಸುತ್ತದಲ್ವಾ? ನನ್ನ ಪ್ರಕಾರ ಇಡೀ ಆಟದ ಅತ್ಯುತ್ತಮ ಯೋಚನೆ ಅದು. ಮುಂದಿನ ಎಸೆತವನ್ನು ಅದರ ಮೇಲೆ ತಿದ್ದಬಹುದು. ಹಾಗಾಗಿ ಇದು ಪಜಲ್ಲೇ ಅಂತ ನಾನು ಹೇಳುತ್ತೇನೆ.

ಇಳಿಜಾರು

ಚೆನ್ನಾಗಿ ವಿವರಿಸಿದಿರಿ ಸನ್ನೆಗೋಲು ಅವರೇ. ಎಂಜಿನ್ ನ್ಯಾಯವಾಗಿದೆ ಅಂತ ಒಪ್ಪಿದೆ. ಆದರೆ ಆಡುವವನಿಗೆ ಮುಂದಾಗುವುದನ್ನು ಊಹಿಸಲು ಆಗದಿದ್ದರೆ ಎಂಜಿನ್‌ನ ನ್ಯಾಯದಿಂದ ಅವನಿಗೇನು ಲಾಭ? ಪಜಲ್ ಅಂದರೆ ಮೊದಲು ಯೋಚಿಸಿ ಆಮೇಲೆ ಮಾಡುವುದು. ಆಂಗ್ರಿ ಬರ್ಡ್ಸ್ ಸ್ಪೇಸ್ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. 2012ರಲ್ಲಿ ಬಂದದ್ದು. ಪ್ರತಿ ಗ್ರಹದ ಸುತ್ತ ಅದರ ಗುರುತ್ವ ಎಲ್ಲಿಯವರೆಗೆ ಅಂತ ಒಂದು ವಲಯ ಕಾಣುತ್ತದೆ. ವಲಯದ ಹೊರಗೆ ಹಕ್ಕಿ ನೇರ ಹೋಗುತ್ತದೆ, ಒಳಗೆ ಬಂದರೆ ಬಾಗುತ್ತದೆ. ಗ್ರಹದ ಸುತ್ತ ಅರ್ಧ ಸುತ್ತು ಹಾಕಿಸಿ ಹಿಂದೆ ಅಡಗಿರುವ ಹಂದಿಯನ್ನು ಹೊಡೆಯುವುದು ನಿಜವಾದ ಯೋಚನೆಯ ಕೆಲಸ. ಆ ಆಟವನ್ನು ಪರಿಚಯಿಸುವಾಗ ಗಗನಯಾತ್ರಿ ಡಾನ್ ಪೆಟಿಟ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ತೂಕವಿಲ್ಲದ ಸ್ಥಿತಿಯಲ್ಲಿ ವಸ್ತು ಹೇಗೆ ಸಾಗುತ್ತದೆ ಅಂತ ತೋರಿಸಿದ ವೀಡಿಯೋ ಇದೆ. ಆಸಕ್ತಿ ಇರುವವರು ನೋಡಿ.

ನೀರಹನಿ

ನನ್ನ ಓಟು ವೇರ್ಸ್ ಮೈ ವಾಟರ್‌ಗೆ. ಡಿಸ್ನಿಯಿಂದ 2011ರಲ್ಲಿ ಬಂತು. ಚರಂಡಿಯಲ್ಲಿ ವಾಸ ಮಾಡುವ, ಆದರೆ ಸ್ನಾನ ಅಂದರೆ ಪ್ರಾಣ ಬಿಡುವ ಸ್ವಾಂಪಿ ಎಂಬ ಮೊಸಳೆ. ಮಣ್ಣು ಅಗೆದು ಅದರ ತೊಟ್ಟಿಗೆ ನೀರು ಹರಿಸಬೇಕು. ದಾರಿಯಲ್ಲಿ ಮೂರು ರಬ್ಬರ್ ಬಾತುಕೋಳಿಗಳಿಗೂ ನೀರು ತಲುಪಿಸಬೇಕು.

ಗಟ್ಟಿ ವಸ್ತುಗಳ ಆಟ ಬೇಕಾದಷ್ಟಿವೆ. ನೀರಿನದು ಕಡಿಮೆ. ಇಲ್ಲಿ ನೀರು ಸಣ್ಣ ಸಣ್ಣ ಹನಿಗಳ ಗುಂಪಾಗಿ ಹರಿಯುತ್ತದೆ. ಅಗಲವಾಗಿ ಅಗೆದರೆ ಒಮ್ಮೆಗೇ ನುಗ್ಗಿ ಅತ್ತಿತ್ತ ಚೆಲ್ಲಿ ಹಾಳಾಗುತ್ತದೆ. ಸಣ್ಣ ಕಾಲುವೆ ಮಾಡಿದರೆ ನಿಧಾನ ಬರುತ್ತದೆ. ತಗ್ಗಿದ್ದರೆ ಅಲ್ಲೇ ನಿಂತುಬಿಡುತ್ತದೆ. ವಿಷದ ನೀರು ಬೇರೆ ಇದೆ, ಅದು ಒಳ್ಳೆಯ ನೀರಿಗೆ ಸೇರಿದರೆ ಒಳ್ಳೆಯದೂ ಕೆಡುತ್ತದೆ. ಪಾಚಿ ಇದೆ, ನೀರು ತಾಗಿದರೆ ಬೆಳೆದು ದಾರಿ ಮುಚ್ಚುತ್ತದೆ. ಮುಂದೆ ಬಂದ ವೇರ್ಸ್ ಮೈ ಪೆರಿಯಲ್ಲಿ ನೀರು ಆವಿಯಾಗಿ ಮೇಲೇರುತ್ತದೆ, ಮಂಜುಗಡ್ಡೆಯಾಗಿ ನಿಲ್ಲುತ್ತದೆ. ಒಂದೇ ವಸ್ತುವಿನ ಮೂರು ರೂಪ, ಮೂರು ಬೇರೆ ನಡತೆ.

ಆಟವನ್ನು ವಿನ್ಯಾಸ ಮಾಡಿದವರು ಟಿಮ್ ಫಿಟ್ಝ್‌ರಾಂಡಾಲ್ಫ್. ಇದಕ್ಕೂ ಮೊದಲು ಜೆಲ್ಲಿಕಾರ್ ಎಂಬ ಆಟ ಮಾಡಿದ್ದರು. ಅದರಲ್ಲಿ ಕಾರೂ ಮೆತ್ತಗೆ, ನೆಲವೂ ಮೆತ್ತಗೆ. ಗಟ್ಟಿಯಲ್ಲದ ವಸ್ತುಗಳ ಮೇಲೆ ಅವರಿಗಿರುವ ಪ್ರೀತಿ ಎರಡರಲ್ಲೂ ಕಾಣುತ್ತದೆ. 2022ರಲ್ಲಿ ಜೆಲ್ಲಿಕಾರ್ ವರ್ಲ್ಡ್ಸ್ ಅಂತ ಹೊಸದಾಗಿ ಮಾಡಿದರು, ಆಪಲ್ ಆರ್ಕೇಡ್‌ನಲ್ಲಿ ಬಂತು.

ಮಿಣುಕು

ಇನ್ನೂ ಯಾರೂ ವರ್ಲ್ಡ್ ಆಫ್ ಗೂ ಹೆಸರು ಎತ್ತಿಲ್ಲ! ಈ ಇಡೀ ಬಗೆಯ ಆಟಗಳಲ್ಲಿ ಇದಕ್ಕಿಂತ ಮೇಲಿನದು ನನ್ನ ಕಣ್ಣಿಗೆ ಬಿದ್ದಿಲ್ಲ.

ಮೂಲ ಆಟ 2008ರದು, ಕಂಪ್ಯೂಟರ್ ಮತ್ತು ನಿಂಟೆಂಡೋದ ವೀ ಎಂಬ ಆಟದ ಯಂತ್ರಕ್ಕೆ. 2010ರ ಕೊನೆಗೆ ಐಪ್ಯಾಡ್‌ಗೆ, ಮರುವರ್ಷ ಆಂಡ್ರಾಯ್ಡ್‌ಗೆ ಬಂತು. ಮಾಡಿದ್ದು 2ಡಿ ಬಾಯ್ ಎಂಬ ಪುಟ್ಟ ತಂಡ, ಅಂದರೆ ಮುಖ್ಯವಾಗಿ ಕೈಲ್ ಗೇಬ್ಲರ್ ಮತ್ತು ರಾನ್ ಕಾರ್ಮೆಲ್. ಬೀಜ ಇನ್ನೂ ಹಳೆಯದು. ಗೇಬ್ಲರ್ ವಿದ್ಯಾರ್ಥಿಯಾಗಿದ್ದಾಗ 2005ರಲ್ಲಿ ಟವರ್ ಆಫ್ ಗೂ ಅಂತ ಒಂದು ಚಿಕ್ಕ ಪ್ರಯೋಗ ಮಾಡಿದ್ದರು.

ಆಟದಲ್ಲಿ ಗೂ ಅಂದರೆ ಜೀವ ಇರುವ ಅಂಟು ಉಂಡೆ. ಒಂದನ್ನು ಎಳೆದು ಉಳಿದವುಗಳ ಹತ್ತಿರ ಬಿಟ್ಟರೆ ಕಡ್ಡಿಯಂತೆ ಬೆಸೆದುಕೊಳ್ಳುತ್ತದೆ. ಹೀಗೆ ಗೋಪುರ, ಸೇತುವೆ ಕಟ್ಟುತ್ತಾ ದೂರದ ಕೊಳವೆ ಮುಟ್ಟಬೇಕು. ಉಳಿದ ಉಂಡೆಗಳು ನೀವು ಕಟ್ಟಿದ್ದರ ಮೇಲೆ ಓಡಿಬಂದು ಕೊಳವೆಯೊಳಗೆ ಹೋಗುತ್ತವೆ.

ಇದರ ಸೊಗಸು ಎಲ್ಲಿದೆ ಅಂದರೆ, ಕಡ್ಡಿಗಳು ಗಟ್ಟಿಯಲ್ಲ, ಸ್ಪ್ರಿಂಗ್‌ನಂತೆ ಬಳುಕುತ್ತವೆ. ನೀವು ಒಂದು ಉಂಡೆ ಬಲಕ್ಕೆ ಸೇರಿಸಿದರೆ ಗೋಪುರ ಬಲಕ್ಕೆ ವಾಲುತ್ತದೆ. ಸರಿ ಮಾಡಲು ಎಡಕ್ಕೆ ಸೇರಿಸಬೇಕು. ಅದೂ ತೂಕವೇ, ಬುಡಕ್ಕೆ ಭಾರ ಜಾಸ್ತಿಯಾಗುತ್ತದೆ. ಕೆಲಸಕ್ಕೆ ಕಾಯುತ್ತಿರುವ ಉಂಡೆಗಳು ನಿಮ್ಮ ಗೋಪುರದ ಮೇಲೆಯೇ ಓಡಾಡುತ್ತಿರುತ್ತವೆ, ಅವುಗಳ ಭಾರವೂ ಲೆಕ್ಕಕ್ಕೆ. ಗುರುತ್ವ ಕೇಂದ್ರ ಬುಡದ ಅಗಲದಿಂದ ಹೊರಗೆ ಹೋಯಿತೋ, ಮುಗಿಯಿತು. ಬೀಳುವುದನ್ನು ನಿಧಾನವಾಗಿ, ಪೂರ್ತಿಯಾಗಿ ನೋಡುತ್ತೀರಿ. ಯಾವ ಕಡ್ಡಿ ಮೊದಲು ಸೋತಿತು ಅಂತ ಕಣ್ಣಿಗೇ ಕಾಣುತ್ತದೆ. ಲೋಲಕ ಅವರ ಅಳತೆಗೆ ಇದಕ್ಕಿಂತ ಹೊಂದುವ ಆಟ ಇದೆಯಾ?

ಇಡೀ ಲೆವೆಲ್ ಮತ್ತೆ ಆಡಬೇಕಾಗಿಯೂ ಇಲ್ಲ. ಬಿಳಿ ಹುಳು ಹಾರಾಡುತ್ತಿರುತ್ತದೆ, ಅದನ್ನು ಒತ್ತಿದರೆ ಕೊನೆಯ ನಡೆ ಹಿಂದಕ್ಕೆ ಹೋಗುತ್ತದೆ. ಹಸಿರು ಉಂಡೆಗಳನ್ನು ಬಿಚ್ಚಿ ಬೇರೆ ಕಡೆ ಬಳಸಬಹುದು. ಬಲೂನ್ ಉಂಡೆ ಮೇಲಕ್ಕೆ ಎತ್ತುತ್ತದೆ. ಕಪ್ಪು ಉಂಡೆ ಒಮ್ಮೆ ಬೆಸೆದರೆ ಬಿಚ್ಚುವಂತಿಲ್ಲ, ಅದಕ್ಕೇ ಪ್ರತಿಯೊಂದನ್ನೂ ಯೋಚಿಸಿ ಇಡುತ್ತೀರಿ.

ಲೆವೆಲ್‌ಗಳಲ್ಲಿ ಉಳಿಸಿದ ಉಂಡೆಗಳೆಲ್ಲ ಒಂದು ಬೇರೆ ಜಾಗಕ್ಕೆ ಹೋಗಿ ಸೇರುತ್ತವೆ. ಅಲ್ಲಿ ಯಾವ ಗುರಿಯೂ ಇಲ್ಲ, ಎಷ್ಟು ಎತ್ತರ ಆಗುತ್ತದೋ ಅಷ್ಟು ಎತ್ತರ ಗೋಪುರ ಕಟ್ಟಬಹುದು. ನಾನು ಆಟಕ್ಕಿಂತ ಹೆಚ್ಚು ಕಾಲ ಅಲ್ಲೇ ಕಳೆದಿದ್ದೇನೆ.

ಬುಗುರಿ

ಮಿಣುಕು ಅವರೇ, ಫೋನಿನ ಸಣ್ಣ ಪರದೆಯಲ್ಲಿ ಉಂಡೆ ಹಿಡಿಯುವುದು ಕಷ್ಟವಾಗುವುದಿಲ್ಲವಾ?

ಮಿಣುಕು

ಉಂಡೆಗಳು ಗುಂಪಾಗಿರುವಾಗ ಬೇಡದ್ದು ಕೈಗೆ ಸಿಗುವುದು ಉಂಟು. ಟ್ಯಾಬ್ಲೆಟ್ ಇದ್ದರೆ ಅದರಲ್ಲೇ ಆಡಿ.

ತೊಲೆ

ಕಟ್ಟುವ ಮಾತು ಬಂತಲ್ಲ, ಇನ್ನು ನಾನು ಸುಮ್ಮನಿರಲಾರೆ. ಸಿವಿಲ್ ಎಂಜಿನಿಯರಿಂಗ್ ಓದಿದವನು ನಾನು. ಪಾಲಿ ಬ್ರಿಡ್ಜ್ ಮತ್ತು ಬ್ರಿಡ್ಜ್ ಕನ್‌ಸ್ಟ್ರಕ್ಟರ್ ಎರಡೂ ನನ್ನ ಫೋನಿನಲ್ಲಿ ಯಾವಾಗಲೂ ಇರುತ್ತವೆ.

ನಾಲ್ಕು ಕಡ್ಡಿ ಸೇರಿಸಿ ಚೌಕ ಮಾಡಿ. ಮೂಲೆಗಳು ಬಿಜಾಗರಿಯಂತೆ ತಿರುಗುವಂತಿದ್ದರೆ ಬದಿಯಿಂದ ಸ್ವಲ್ಪ ತಳ್ಳಿದರೂ ಅದು ವಾಲಿ ಮಲಗುತ್ತದೆ. ಯಾವ ಕಡ್ಡಿಯೂ ಮುರಿಯಬೇಕಾಗಿಲ್ಲ. ಮೂರು ಕಡ್ಡಿಯ ತ್ರಿಕೋನ ಹಾಗಲ್ಲ. ಒಂದು ಕಡ್ಡಿಯ ಉದ್ದವೇ ಬದಲಾಗದ ಹೊರತು ಅದರ ಆಕಾರ ಬದಲಾಗಲಾರದು. ಉಕ್ಕಿನ ಸೇತುವೆಗಳಲ್ಲಿ ತ್ರಿಕೋನಗಳ ಸಾಲು ಕಾಣುವುದು ಇದೇ ಕಾರಣಕ್ಕೆ. ಪಾಲಿ ಬ್ರಿಡ್ಜ್ ಆಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲ ಚೌಕದ ಸೇತುವೆ ನೀರಿಗೆ ಬಿದ್ದಾಗ ಆಟವೇ ಹೇಳಿರುತ್ತದೆ.

ಗಾಡಿ ಸೇತುವೆ ಮೇಲೆ ಬಂದಾಗ ಕಡ್ಡಿಗಳ ಬಣ್ಣ ಹಸಿರಿನಿಂದ ಕೆಂಪಿಗೆ ತಿರುಗುತ್ತಾ ಹೋಗುತ್ತದೆ. ಯಾವ ಕಡ್ಡಿಯ ಮೇಲೆ ಎಷ್ಟು ಒತ್ತಡ ಅಂತ ಕಣ್ಣ ಮುಂದೆ. ನಾವು ಓದುವಾಗ ಹಾಳೆ ತುಂಬ ಲೆಕ್ಕ ಹಾಕಿ ಕಂಡುಕೊಳ್ಳುತ್ತಿದ್ದದ್ದು ಇದನ್ನೇ. ಜೊತೆಗೆ ಬಜೆಟ್ ಇದೆ. ಹೆದರಿ ಎಲ್ಲೆಡೆ ಕಡ್ಡಿ ತುಂಬಿದರೆ ಹಣ ಮುಗಿಯುತ್ತದೆ, ತೂಕವೂ ಏರಿ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಹಗ್ಗ ಎಳೆತವನ್ನು ತಾಳುತ್ತದೆ, ಒತ್ತಿದರೆ ಮಡಚಿಕೊಳ್ಳುತ್ತದೆ. ಅದನ್ನು ಎಲ್ಲಿ ಬಳಸಬೇಕು ಅಂತ ತಿಳಿದ ದಿನ ಅರ್ಧ ಆಟ ಗೆದ್ದಂತೆ.

ಬ್ರಿಡ್ಜ್ ಕನ್‌ಸ್ಟ್ರಕ್ಟರ್ ಪೋರ್ಟಲ್ ಅಂತ 2017ರಲ್ಲಿ ಬಂದ ಒಂದು ಆಟವೂ ಇದೆ. ಗಾಡಿ ಒಂದು ಬಾಗಿಲಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬರುತ್ತದೆ, ಹೋದ ವೇಗದಲ್ಲೇ. ಎತ್ತರದಿಂದ ಬಿಟ್ಟು ವೇಗ ಕೂಡಿಸಿ, ಆ ವೇಗದಿಂದ ಕಂದಕ ಹಾರಿಸಬೇಕು. ಸೇತುವೆ ಕಟ್ಟುವುದಕ್ಕಿಂತ ದಾರಿ ಹುಡುಕುವುದೇ ಜಾಸ್ತಿ. ನನಗೆ ಸಾದಾ ಸೇತುವೆಯೇ ಇಷ್ಟ.

ಲೋಲಕ

ತೊಲೆ ಅವರೇ, ತುಂಬಾ ಚೆನ್ನಾಗಿ ಬರೆದಿರಿ. ರೋವಿಯೋದ ಬ್ಯಾಡ್ ಪಿಗ್ಗೀಸ್ ಕೂಡ ಕಟ್ಟುವ ಆಟವೇ ಅಲ್ವಾ? 2012ರದು. ಹಂದಿಗೆ ಗಾಡಿ ಕಟ್ಟಿಕೊಡುವುದು. ಚಕ್ರ, ಫ್ಯಾನು, ಬಲೂನು, ರಾಕೆಟ್ ಎಲ್ಲವೂ ಇವೆ. ಫ್ಯಾನನ್ನು ತುಂಬಾ ಮೇಲೆ ಇಟ್ಟರೆ ಗಾಡಿ ಮುಂದೆ ಹೋಗುವ ಬದಲು ಮೂತಿ ಕೆಳಗೆ ಮಾಡಿ ಪಲ್ಟಿ ಹೊಡೆಯುತ್ತದೆ. ಬಲ ಎಷ್ಟು ಅನ್ನುವಷ್ಟೇ ಅದು ಎಲ್ಲಿ ಬೀಳುತ್ತದೆ ಅನ್ನುವುದೂ ಮುಖ್ಯ ಅಂತ ಇದರಿಂದ ಗೊತ್ತಾಗುತ್ತದೆ. ಆಂಗ್ರಿ ಬರ್ಡ್ಸ್‌ಗಿಂತ ಇದು ನನಗೆ ಹೆಚ್ಚು ಇಷ್ಟ.

ಇಳಿಜಾರು

ನನ್ನ ಆಯ್ಕೆ ಹೇಳುವುದೇ ಬಾಕಿ ಉಳಿದಿತ್ತು. ಆಸ್ಮೋಸ್. ಕೆನಡಾದ ಹೆಮಿಸ್ಫಿಯರ್ ಗೇಮ್ಸ್ ಮಾಡಿದ್ದು. 2009ರಲ್ಲಿ ಕಂಪ್ಯೂಟರಿಗೆ ಬಂತು, ಮರುವರ್ಷ ಐಪ್ಯಾಡ್‌ಗೆ. 2010ರಲ್ಲಿ ಆಪಲ್ ಅದನ್ನು ಐಪ್ಯಾಡ್‌ನ ವರ್ಷದ ಆಟ ಅಂತ ಆರಿಸಿತು.

ನೀವು ಒಂದು ಹನಿಯಂಥ ಜೀವಿ. ನಿಮಗಿಂತ ಚಿಕ್ಕದನ್ನು ಮುಟ್ಟಿದರೆ ಅದು ನಿಮ್ಮೊಳಗೆ ಸೇರುತ್ತದೆ. ದೊಡ್ಡದನ್ನು ಮುಟ್ಟಿದರೆ ನೀವು ಅದರೊಳಗೆ. ಇಲ್ಲಿಯವರೆಗೆ ಹೊಸದೇನಿಲ್ಲ. ಆದರೆ ಚಲಿಸಬೇಕು ಅಂದರೆ ನಿಮ್ಮದೇ ಮೈಯ ಒಂದು ಚೂರನ್ನು ಹಿಂದಕ್ಕೆ ಎಸೆಯಬೇಕು. ಅದು ಹಿಂದೆ ಹೋದರೆ ನೀವು ಮುಂದೆ. ನ್ಯೂಟನ್‌ನ ಮೂರನೇ ನಿಯಮ, ರಾಕೆಟ್ ಹಾರುವ ರೀತಿ. ಹಾಗಾಗಿ ಪ್ರತಿ ನಡೆಗೂ ನೀವು ಚಿಕ್ಕವರಾಗುತ್ತೀರಿ. ಅವಸರ ಮಾಡಿದರೆ ಬೇಟೆಯ ಹತ್ತಿರ ಹೋಗುವಷ್ಟರಲ್ಲಿ ಅದೇ ನಿಮಗಿಂತ ದೊಡ್ಡದಾಗಿರುತ್ತದೆ.

ತಡೆಯಲು ಘರ್ಷಣೆ ಇಲ್ಲ. ಒಮ್ಮೆ ಹೊರಟರೆ ಹೋಗುತ್ತಲೇ ಇರುತ್ತೀರಿ. ನಿಲ್ಲಲೂ ಮೈ ಖರ್ಚು ಮಾಡಬೇಕು. ಎಲ್ಲಕ್ಕಿಂತ ಒಳ್ಳೆಯ ಆಟ ಅಂದರೆ ಒಂದು ಸಣ್ಣ ತಳ್ಳು ಕೊಟ್ಟು ಕಾಯುವುದು. ಬೆರಳು ಅಡ್ಡಕ್ಕೆ ಸವರಿದರೆ ಸಮಯವನ್ನೇ ವೇಗ ಮಾಡಬಹುದು, ನಿಧಾನವೂ ಮಾಡಬಹುದು. ಕಾಯುವುದು ಬೇಸರವಾಗದಂತೆ ಅಷ್ಟು ಯೋಚಿಸಿದ್ದಾರೆ.

ಕೆಲವು ಲೆವೆಲ್‌ಗಳಲ್ಲಿ ನಡುವೆ ಒಂದು ಸೂರ್ಯನಂಥದು ಎಲ್ಲವನ್ನೂ ಸೆಳೆಯುತ್ತಿರುತ್ತದೆ. ನೀವು ಕಕ್ಷೆಯಲ್ಲಿ ಸುತ್ತುತ್ತಿರುತ್ತೀರಿ. ನಿಮ್ಮ ಮುಂದೆ ಅದೇ ಕಕ್ಷೆಯಲ್ಲಿರುವುದನ್ನು ಹಿಡಿಯಬೇಕು. ಮುಂದಕ್ಕೆ ತಳ್ಳಿಕೊಂಡರೆ ಕಕ್ಷೆ ಹಿಗ್ಗುತ್ತದೆ, ಒಂದು ಸುತ್ತಿಗೆ ಹಿಡಿಯುವ ಸಮಯ ಜಾಸ್ತಿಯಾಗಿ ಇನ್ನೂ ಹಿಂದೆ ಬೀಳುತ್ತೀರಿ. ಬ್ರೇಕ್ ಹಾಕಿದಂತೆ ಹಿಂದಕ್ಕೆ ತಳ್ಳಿಕೊಂಡರೆ ಒಳಗಿನ ಕಕ್ಷೆಗೆ ಇಳಿಯುತ್ತೀರಿ, ಅಲ್ಲಿ ಸುತ್ತು ಬೇಗ ಮುಗಿಯುತ್ತದೆ, ಮುಂದಿದ್ದದ್ದನ್ನು ಹಿಡಿಯುತ್ತೀರಿ. ಬಾಹ್ಯಾಕಾಶ ನೌಕೆಗಳು ಒಂದನ್ನೊಂದು ಸೇರುವಾಗ ಪಾಲಿಸುವ ಲೆಕ್ಕವೂ ಇದೇ. ಇದನ್ನು ಬೆರಳ ತುದಿಯಲ್ಲಿ ಕಲಿಸಿದ ಆಟಕ್ಕೆ ನಾನು ಯಾವಾಗಲೂ ಋಣಿ.

ಗೀಚುಗಾರ

ಗೆರೆ ಎಳೆಯುವ ಆಟಗಳನ್ನು ಮರೆತಿರಾ? ಕ್ರೇಯಾನ್ ಫಿಸಿಕ್ಸ್ ಇದರ ಮೂಲಪುರುಷ. ಫಿನ್‌ಲ್ಯಾಂಡ್‌ನ ಪೆಟ್ರಿ ಪುರ್ಹೋ 2007ರಲ್ಲಿ ಒಂದು ಚಿಕ್ಕ ಮಾದರಿ ಮಾಡಿದರು. ಅದನ್ನೇ ಬೆಳೆಸಿದ ಕ್ರೇಯಾನ್ ಫಿಸಿಕ್ಸ್ ಡಿಲಕ್ಸ್‌ಗೆ 2008ರ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ದೊಡ್ಡ ಬಹುಮಾನ ಬಂತು. ಕಾಗದದ ಮೇಲೆ ಬಣ್ಣದ ಕಡ್ಡಿಯಲ್ಲಿ ಏನು ಬರೆದರೂ ಅದಕ್ಕೆ ತೂಕ ಬಂದು ಕೆಳಗೆ ಬೀಳುತ್ತದೆ.

ಇವತ್ತು ಫೋನಿನಲ್ಲಿ ಈ ಬಗೆಯದು ಬೇಕು ಅಂದರೆ ಬ್ರೈನ್ ಇಟ್ ಆನ್ ನೋಡಿ. ಬ್ರೈನ್ ಡಾಟ್ಸ್ ಕೂಡ ಇದೆ, ಅದರಲ್ಲಿ ಎರಡು ಚೆಂಡು ಒಂದಕ್ಕೊಂದು ಮುಟ್ಟಬೇಕು, ಅಷ್ಟೇ. ಬ್ರೈನ್ ಇಟ್ ಆನ್‌ನಲ್ಲಿ ಪ್ರತಿ ಲೆವೆಲ್‌ಗೂ ಒಂದು ಸಾಲಿನ ಕೆಲಸ. ಲೋಟ ಉರುಳಿಸಿ, ಚೆಂಡನ್ನು ಬಲಗಡೆ ಗೋಡೆಗೆ ಮುಟ್ಟಿಸಿ, ಈ ಥರ. ನೀವು ಬರೆಯುವ ಆಕಾರವೇ ನಿಮ್ಮ ಸಾಧನ. ದೊಡ್ಡದಾಗಿ ಬರೆದರೆ ಭಾರ. ಹಲಗೆಯ ಒಂದು ತುದಿಯ ಮೇಲೆ ಭಾರ ಬಿಟ್ಟರೆ ಇನ್ನೊಂದು ತುದಿಯಲ್ಲಿದ್ದದ್ದು ಹಾರುತ್ತದೆ. ಕೊಕ್ಕೆಯಂತೆ ಬರೆದರೆ ನೇತಾಡುತ್ತದೆ.

ಬೇಗ ಮುಗಿಸಿದರೆ ಒಂದು ನಕ್ಷತ್ರ, ಕಡಿಮೆ ಆಕಾರದಲ್ಲಿ ಮುಗಿಸಿದರೆ ಇನ್ನೊಂದು. ನಾನು ನಕ್ಷತ್ರ ನೋಡುವುದೇ ಇಲ್ಲ. ಗೆದ್ದ ಲೆವೆಲ್‌ಗೆ ಇನ್ನೊಂದು ಉತ್ತರ ಸಿಗುತ್ತದಾ ಅಂತ ಹುಡುಕುತ್ತೇನೆ. ನಾನು ಮತ್ತು ನನ್ನ ತಂಗಿ ಒಂದೇ ಲೆವೆಲ್ ಆಡಿ ಉತ್ತರ ಹೋಲಿಸಿದರೆ ಎರಡೂ ಬೇರೆ ಇರುತ್ತವೆ. ಆಟ ಮಾಡಿದವರೂ ಯೋಚಿಸಿರದ ಉತ್ತರ ನಮ್ಮದಾಗಿರಬಹುದು. ಕಟ್ ದ ರೋಪ್‌ನಲ್ಲಿ ಈ ಸುಖ ಇಲ್ಲ. ಅಲ್ಲಿ ಮಾಡಿದವರು ಯೋಚಿಸಿದ್ದನ್ನು ನಾವು ಕಂಡುಹಿಡಿಯಬೇಕು.

ಲೋಲಕ

ಗೀಚುಗಾರ ಅವರೇ, ಅದು ನಿಜ. ನನಗೆ ಆ ಕಂಡುಹಿಡಿಯುವುದೇ ಹಿತ. ಮಾಡಿದವರ ಯೋಚನೆ ಒಮ್ಮೆಲೇ ಹೊಳೆದಾಗ ಆಗುವ ಖುಷಿಗೆ ಸಾಟಿ ಇಲ್ಲ.

ನೀರಹನಿ

ಒಂದು ಬೇಸರವನ್ನೂ ಹೇಳಿಕೊಳ್ಳಬೇಕು. ಈಗ ಸ್ಟೋರ್‌ನಲ್ಲಿ ಹುಡುಕಿದರೆ ಪಿನ್ ಎಳೆಯುವ ಆಟಗಳ ರಾಶಿಯೇ ಬರುತ್ತದೆ. ಪಿನ್ ಎಳೆದರೆ ಚೆಂಡೋ ನೀರೋ ಉರುಳಿ ಬರುವುದು. ಕಲ್ಪನೆ ಒಳ್ಳೆಯದೇ, ಯಾವ ಪಿನ್ ಮೊದಲು ಅನ್ನುವುದು ನ್ಯಾಯವಾದ ಪಜಲ್. ಆದರೆ ಒಂದು ಲೆವೆಲ್ ಆಡಿ ಮುಗಿಸುವುದಕ್ಕಿಂತ ಅದರ ನಂತರದ ಜಾಹೀರಾತೇ ಉದ್ದ. ಇನ್ನು ಕೆಲವು ಜಾಹೀರಾತುಗಳಲ್ಲಿ ಪಿನ್ ಎಳೆಯುವುದನ್ನು ತೋರಿಸುತ್ತಾರೆ, ಇಳಿಸಿಕೊಂಡರೆ ಒಳಗೆ ಬೇರೆಯೇ ಆಟ. 2020ರಲ್ಲಿ ಬ್ರಿಟನ್‌ನ ಜಾಹೀರಾತು ನಿಯಂತ್ರಣ ಸಂಸ್ಥೆ ಇಂಥ ಎರಡು ಜಾಹೀರಾತುಗಳು ದಾರಿ ತಪ್ಪಿಸುತ್ತವೆ ಅಂತ ತಡೆದಿತ್ತು. ಆಮೇಲೂ ನಿಂತಿಲ್ಲ.

ಸನ್ನೆಗೋಲು

ನೀರಹನಿ ಅವರೇ, ನಾನು ಒಮ್ಮೆ ಹಣ ಕೊಟ್ಟು ಕೊಳ್ಳುವ ಆಟಗಳನ್ನೇ ಹುಡುಕುತ್ತೇನೆ. ಜಾಹೀರಾತಿನಿಂದ ಬದುಕುವ ಆಟಕ್ಕೆ ನಿಮ್ಮನ್ನು ಬೇಗ ಬೇಗ ಲೆವೆಲ್ ದಾಟಿಸುವುದೇ ಲಾಭ, ಕೂತು ಯೋಚಿಸುವಂತೆ ಮಾಡುವುದರಲ್ಲಿ ಅದಕ್ಕೆ ಏನೂ ಸಿಗುವುದಿಲ್ಲ. ಹಾಗಾಗಿ ಲೆವೆಲ್‌ಗಳೂ ಜೊಳ್ಳಾಗುತ್ತವೆ.

ಇನ್ನೊಂದು ಸಂಕಟ ಹಳೆಯ ಆಟಗಳದು. 2017ರಲ್ಲಿ ಐಫೋನಿನ ಹೊಸ ವ್ಯವಸ್ಥೆ ಐಒಎಸ್ 11 ಬಂದಾಗ ಹಳೆಯ ಬಗೆಯ 32 ಬಿಟ್‌ನ ಆಪ್‌ಗಳು ಓಡುವುದೇ ನಿಂತಿತು. ಮಾಡಿದವರು ತಿದ್ದಿ ಬರೆಯದ ಆಟಗಳೆಲ್ಲ ಹೊಸ ಫೋನಿನಿಂದ ಮಾಯವಾದವು. ಮೂಲ ಆಂಗ್ರಿ ಬರ್ಡ್ಸ್ ಕೂಡ 2019ರಲ್ಲಿ ಸ್ಟೋರ್‌ಗಳಿಂದ ಹೋಯಿತು. ಜನ ಕೇಳಿದ್ದಕ್ಕೆ 2022ರಲ್ಲಿ ಹೊಸದಾಗಿ ಕಟ್ಟಿ ಕೊಟ್ಟರು, 2023ರಲ್ಲಿ ಗೂಗಲ್ ಪ್ಲೇಯಿಂದ ಮತ್ತೆ ತೆಗೆದರು. ಪುಸ್ತಕವಾದರೆ ಕಪಾಟಿನಲ್ಲಿ ಉಳಿಯುತ್ತದೆ. ಆಟ ಹಾಗೆ ಉಳಿಯುವುದಿಲ್ಲ. ನಿಮಗೆ ಇಷ್ಟವಾದ ಹಳೆಯ ಆಟ ಇನ್ನೂ ಓಡುವ ಫೋನ್ ಇದ್ದರೆ ಅದನ್ನು ಬಿಸಾಡಬೇಡಿ.

ಬುಗುರಿ

ಸುಯಿಕಾ ಬಗ್ಗೆ ಏನನ್ನುತ್ತೀರಿ? ಜಪಾನಿನದು, 2021ರಲ್ಲಿ ನಿಂಟೆಂಡೋ ಸ್ವಿಚ್‌ಗೆ ಬಂತು, 2023ರಲ್ಲಿ ಎಲ್ಲೆಡೆ ಹಬ್ಬಿತು, ನಂತರ ಫೋನಿಗೂ ಬಂತು. ಡಬ್ಬಿಯೊಳಗೆ ಹಣ್ಣು ಬಿಡುವುದು. ಒಂದೇ ಥರದ ಎರಡು ತಾಗಿದರೆ ಸೇರಿ ದೊಡ್ಡ ಹಣ್ಣು. ಕೊನೆಗೆ ಕಲ್ಲಂಗಡಿ. ಹಣ್ಣುಗಳು ದುಂಡಗಿರುವುದರಿಂದ ಉರುಳುತ್ತವೆ, ಒಂದನ್ನೊಂದು ತಳ್ಳುತ್ತವೆ.

ಇಳಿಜಾರು

ಅದು ಚೆನ್ನಾಗಿದೆ. ಎರಡು ಹಣ್ಣು ಸೇರಿ ದೊಡ್ಡದು ಹುಟ್ಟುವಾಗ ಅಕ್ಕಪಕ್ಕದವನ್ನು ನೂಕುತ್ತದೆ. ಆ ನೂಕಾಟದಲ್ಲಿ ಇನ್ನೆರಡು ತಾಗುವಂತೆ ಮೊದಲೇ ಜೋಡಿಸಿಡುವುದರಲ್ಲಿ ಜಾಣತನ ಇದೆ. ದೊಡ್ಡವನ್ನು ಒಂದು ಮೂಲೆಗೆ ಸೇರಿಸಿ, ಅಳತೆಯ ಪ್ರಕಾರ ಸಾಲಾಗಿ ಇಡಲು ನೋಡಿ.

ಮರಳುಗೂಡು

ಇಲ್ಲಿ ಹೊಸಬಳು ನಾನು. ಎಲ್ಲರ ಬರಹ ಓದಿ ಪಾಲಿ ಬ್ರಿಡ್ಜ್ ಶುರು ಮಾಡಿದೆ. ತೊಲೆ ಸರ್, ಒಂದು ಸಹಾಯ ಬೇಕು. ನಡುವೆ ಕಂಬ ಇಲ್ಲದ ಉದ್ದನೆಯ ಲೆವೆಲ್‌ಗಳಲ್ಲಿ ನನ್ನ ಸೇತುವೆ ಯಾವಾಗಲೂ ಸರಿಯಾಗಿ ಮಧ್ಯದಲ್ಲೇ ಮುರಿಯುತ್ತದೆ. ರಸ್ತೆಯ ಕೆಳಗೆ ತ್ರಿಕೋನಗಳನ್ನು ಹಾಕಿದ್ದೇನೆ. ಆದರೂ ಗಾಡಿ ನಡುವಿಗೆ ಬಂದ ಕೂಡಲೇ ಕೆಂಪಾಗಿ ಹೋಗುತ್ತದೆ. ಇನ್ನಷ್ಟು ಕಡ್ಡಿ ಸೇರಿಸಲು ಬಜೆಟ್ ಇಲ್ಲ.

ತೊಲೆ

ಮರಳುಗೂಡು ಅವರೇ, ನಿಮ್ಮ ತ್ರಿಕೋನಗಳು ತುಂಬಾ ಕುಳ್ಳಗಿವೆ ಅಂತ ಕಾಣುತ್ತದೆ. ಎರಡು ದಡದ ಮೇಲೆ ನಿಂತ ಸೇತುವೆಯ ಮಧ್ಯದಲ್ಲಿ ಬಗ್ಗಿಸುವ ಒತ್ತಡ ಎಲ್ಲಕ್ಕಿಂತ ಜಾಸ್ತಿ. ಮೇಲಿನ ಸಾಲು ಒತ್ತಿಕೊಳ್ಳುತ್ತದೆ, ಕೆಳಗಿನ ಸಾಲು ಎಳೆದುಕೊಳ್ಳುತ್ತದೆ. ಈ ಎರಡು ಸಾಲುಗಳ ನಡುವಿನ ಅಂತರ ಎರಡು ಪಟ್ಟಾದರೆ ಅದೇ ಗಾಡಿಗೆ ಅವುಗಳ ಮೇಲಿನ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಕಡ್ಡಿಗಳ ಸಂಖ್ಯೆ ಹೆಚ್ಚಿಸಬೇಡಿ, ನಡುವಿನ ತ್ರಿಕೋನಗಳನ್ನು ಎತ್ತರ ಮಾಡಿ. ದಡದ ಹತ್ತಿರ ಕುಳ್ಳಗಿದ್ದರೂ ನಡೆಯುತ್ತದೆ, ಅಲ್ಲಿಂದ ಹಣ ಉಳಿಸಿ ಮಧ್ಯಕ್ಕೆ ಹಾಕಿ.

ಕೆಳಗೆ ದೋಣಿ ಹೋಗುವ ಲೆವೆಲ್ ಆದರೆ ತ್ರಿಕೋನಗಳನ್ನು ರಸ್ತೆಯ ಮೇಲುಗಡೆ ಕಟ್ಟಿ, ಕಮಾನಿನ ಆಕಾರದಲ್ಲಿ. ದಡದ ಗೋಡೆಯಲ್ಲಿ ರಸ್ತೆಗಿಂತ ಕೆಳಗೆ ಇನ್ನೊಂದು ಆಧಾರದ ಚುಕ್ಕೆ ಇದೆಯಾ ಅಂತಲೂ ನೋಡಿ. ಇದ್ದರೆ ಅಲ್ಲಿಂದ ಓರೆಯಾಗಿ ಒಂದೊಂದು ಕಡ್ಡಿ ಕೊಡಿ. ನಡುವಿನ ಉದ್ದವೇ ಕಡಿಮೆಯಾಗುತ್ತದೆ. ಇಷ್ಟು ಮಾಡಿ, ಗಾಡಿ ಬಿಟ್ಟು, ಮೊದಲು ಕೆಂಪಾಗುವ ಕಡ್ಡಿ ಯಾವುದು ಅಂತ ಇಲ್ಲಿ ಬರೆಯಿರಿ. ಅಲ್ಲಿಂದ ಮುಂದೆ ನೋಡೋಣ.